ಸ್ಟೂಡೆಂಟ್ ಸಿನಿಮಾಕ್ಕೆ ಪೋಸ್ಟರ್, ಮ್ಯಾಗಜಿನ್ ಪುಟ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಾಗ ಪತ್ರಿಕೋದ್ಯಮ, ವಿಷುಯಲ್ ಕಮ್ಯುನಿಕೇಷನ್ ಓದುವ ಹುಡುಗ ಹುಡುಗಿಯರು ಹುಡುಕಿಕೊಂಡು ಬರುತ್ತಾರೆ. ಸಿನಿಮಾ ಎಡಿಟ್ ಆಗಿರುತ್ತದೆ. ಸಬ್‌ಮಿಷನ್‌ಗೆ ಐದು ದಿನ ಉಳಿದಿರುತ್ತದೆ. ಜೊತೆಗೆ ಒಂದು ಪೋಸ್ಟರ್, ಮ್ಯಾಗಜಿನ್‌ನ ಎರಡು ಪುಟ ಕೊಡಬೇಕು ಅನ್ನುವುದು ಆಗಷ್ಟೇ ನೆನಪಾಗಿರುತ್ತದೆ. ಅವರು ಎದುರಿಗೆ ಕೇಳಿದ್ದು, ಬರೆದು ಕಳಿಸಿದ್ದು, ಪ್ರಿಂಟ್ ಅಂಗಡಿಯಲ್ಲಿ ನಿಂತು ಫೋನ್ ಮಾಡಿ ಕೇಳಿದ್ದು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ.

ಉದಾಹರಣೆಗೆ ‘ಲಕ್ಷ್ಮಕ್ಕನ ಟೀ ಅಂಗಡಿ’ ಅಂತ ಒಂದು ಸಿನಿಮಾ ಇದೆ ಅಂದುಕೊಳ್ಳೋಣ. ಹನ್ನೆರಡು ನಿಮಿಷದ್ದು. ರಸ್ತೆ ಅಗಲ ಮಾಡಲು ಅಂಗಡಿ ಒಡೆಯುತ್ತಾರೆ, ಅದರ ಹಿಂದಿನ ದಿನದ ಕತೆ. ಸುಮ್ನೆ ನಾನೇ ಕಟ್ಟಿಕೊಂಡಿದ್ದು.

## ಶುರು ಮಾಡುವವರಿಗೆ

ಹತ್ತು ನಿಮಿಷದ ಸಿನಿಮಾಕ್ಕೆ ಪೋಸ್ಟರ್ ಯಾಕೆ ಸರ್? ಮಾರ್ಕ್ಸ್‌ಗೆ ಅಷ್ಟೇ ಅಲ್ವಾ?

ಮಾರ್ಕ್ಸ್‌ಗೂ ಹೌದು. ಆದರೆ ನಾಳೆ ಇದೇ ಸಿನಿಮಾವನ್ನು ಕಿರುಚಿತ್ರೋತ್ಸವಕ್ಕೆ ಕಳಿಸುತ್ತೀರಿ. ಅಲ್ಲಿ ಪೋಸ್ಟರ್ ಮತ್ತು ಒಂದೆರಡು ಸ್ಟಿಲ್ ಕೇಳುತ್ತಾರೆ. ಪಟ್ಟಿಯಲ್ಲಿ ನೂರಾರು ಸಿನಿಮಾ ಇರುವಾಗ ನಿಮ್ಮದು ಮೊದಲು ಕಾಣುವುದು ಹೆಬ್ಬೆರಳಿನ ಉಗುರಿನಷ್ಟು ಪೋಸ್ಟರ್ ಆಗಿ.

ನನಗೆ ಇನ್ನೊಂದು ಕಾರಣವೇ ಮುಖ್ಯ. ಪೋಸ್ಟರ್ ಮಾಡಲು ಕೂತಾಗ ‘ಇದು ಯಾರ ಕತೆ?’ ಅನ್ನುವುದಕ್ಕೆ ಒಂದೇ ಉತ್ತರ ಕೊಡಬೇಕಾಗುತ್ತದೆ. ಎಡಿಟ್ ಟೇಬಲ್‌ನಲ್ಲಿ ತಪ್ಪಿಸಿಕೊಂಡ ಎಷ್ಟೋ ಜನ ಇಲ್ಲಿ ಸಿಕ್ಕಿಬೀಳುತ್ತಾರೆ.

ಪೋಸ್ಟರನ್ನೇ ಅಡ್ಡ ಮಾಡಿ ಎರಡು ಪುಟಕ್ಕೆ ಹಾಕಿದ್ರೆ ಆಗಲ್ವಾ?

ಆಗಲ್ಲ. ಪೋಸ್ಟರ್ ನೋಡುವವನು ನಡೆಯುತ್ತಾ ಇರುತ್ತಾನೆ. ಕ್ಯಾಂಟೀನ್‌ಗೆ ಹೊರಟಿರುತ್ತಾನೆ. ಎರಡು ಸೆಕೆಂಡ್ ಸಿಕ್ಕರೆ ನಿಮ್ಮ ಪುಣ್ಯ. ಮ್ಯಾಗಜಿನ್ ಹಿಡಿದವನು ಕೂತಿರುತ್ತಾನೆ. ಚಿತ್ರ ನೋಡಿ, ಹೆಡ್ಡಿಂಗ್ ಓದಿ, ಕ್ಯಾಪ್ಶನ್‌ಗೆ ಹೋಗಿ, ಇಷ್ಟವಾದರೆ ಮಾತ್ರ ಲೇಖನಕ್ಕೆ ಇಳಿಯುತ್ತಾನೆ.

ಎರಡರಲ್ಲೂ ಸಿನಿಮಾದ ಹೆಸರು ಒಂದೇ ಲಿಪಿವಿನ್ಯಾಸದಲ್ಲಿರಲಿ. ಬಣ್ಣಗಳೂ ಒಂದೇ ಮನೆತನದವು ಆಗಿರಲಿ. ಚಿತ್ರ ಮಾತ್ರ ಬೇರೆ ಬೇಕು. ಪೋಸ್ಟರ್‌ನಲ್ಲಿ ಆರಿದ ಒಲೆ ಇದ್ದರೆ ಮ್ಯಾಗಜಿನ್‌ನಲ್ಲಿ ಲಕ್ಷ್ಮಕ್ಕನ ಮುಖ ಬರಲಿ.

ಯಾವ ಸೈಜ್‌ನಲ್ಲಿ ಮಾಡಬೇಕು?

ಪೋಸ್ಟರ್‌ಗೆ ಎ3, ಅಂದರೆ 297×420 ಮಿ.ಮೀ. ಆಡಿಟೋರಿಯಂ ಬಾಗಿಲಿಗೂ ಬೇಕಿದ್ದರೆ ಎ2, 420×594 ಮಿ.ಮೀ. ಇವೆರಡರ ಉದ್ದಗಲದ ಅನುಪಾತ ಒಂದೇ. ಹಾಗಾಗಿ ಒಂದು ಸಲ ಮಾಡಿದರೆ ಎರಡಕ್ಕೂ ಆಗುತ್ತದೆ. ಅಮೆರಿಕದ ಥಿಯೇಟರ್ ಪೋಸ್ಟರ್ 27×40 ಇಂಚು. ಬ್ರಿಟನ್ನಿನದು 30×40, ಅದೂ ಅಡ್ಡಕ್ಕೆ. ನೆಟ್‌ನಲ್ಲಿ ಸಿಗುವ ಟೆಂಪ್ಲೇಟ್‌ಗಳು ಹೆಚ್ಚಾಗಿ ಆ ಅಳತೆಯವು. ತಗೊಂಡರೆ ಎ3ಗೆ ಇಳಿಸುವಾಗ ಅಂಚು ಹೋಗುತ್ತದೆ.

ಮ್ಯಾಗಜಿನ್‌ಗೆ ಎ4 ಎರಡು ಪುಟ. ಬಿಡಿಸಿಟ್ಟಾಗ 420×297.

## ಚಿತ್ರ

ಶೂಟಿಂಗ್ ಮುಗೀತು, ಒಂದೂ ಫೋಟೊ ತೆಗೆದಿಲ್ಲ. ವಿಡಿಯೊದಿಂದ ಫ್ರೇಮ್ ಕಿತ್ತು ಹಾಕ್ಲಾ?

ಲೆಕ್ಕ ಹಾಕಿ ನೋಡೋಣ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಬೇಕು ಅನ್ನುವುದು ವಾಡಿಕೆ. ಎ3 ಪೂರ್ತಿ ತುಂಬಲು 3508×4961 ಪಿಕ್ಸೆಲ್. ಫುಲ್ ಎಚ್‌ಡಿ ಫ್ರೇಮ್‌ನಲ್ಲಿ ಇರುವುದು 1920×1080. ಅದೂ ಅಡ್ಡ ಫ್ರೇಮ್. ಪೋಸ್ಟರ್ ಉದ್ದಕ್ಕೆ ನಿಲ್ಲುತ್ತದೆ. ಉದ್ದಕ್ಕೆ ಕತ್ತರಿಸಿದರೆ ಅಗಲದಲ್ಲಿ ಉಳಿಯುವುದು ಸುಮಾರು 764 ಪಿಕ್ಸೆಲ್. ಎ3ಗೆ ಎಳೆದರೆ ಇಂಚಿಗೆ 65. ಮುಖದ ಬದಲು ಮೊಸರು ಕಾಣುತ್ತದೆ. 4ಕೆ ಫ್ರೇಮ್ ಆದರೆ ಸುಮಾರು 130 ಸಿಗುತ್ತದೆ. ಗೋಡೆ ಮೇಲಿನ ಪೋಸ್ಟರ್‌ಗೆ ಹೇಗೋ ನಡೆದೀತು.

ಪಿಕ್ಸೆಲ್ ಸಾಕಾದರೂ ಇನ್ನೊಂದು ತೊಂದರೆ ಇದೆ. ಸೆಕೆಂಡಿಗೆ 25 ಫ್ರೇಮ್ ಶೂಟ್ ಮಾಡುವಾಗ ಶಟರ್ ಸಾಮಾನ್ಯವಾಗಿ 1/50 ಇಟ್ಟಿರುತ್ತಾರೆ. ಕೈ ಅಲ್ಲಾಡಿದರೆ ಸಾಕು, ಆ ಫ್ರೇಮ್‌ನಲ್ಲಿ ಬೆರಳು ಕಲಸಿಹೋಗಿರುತ್ತದೆ. ಸಿನಿಮಾ ಓಡುವಾಗ ಅದು ಚೆಂದ. ನಿಂತ ಚಿತ್ರದಲ್ಲಿ ಕೆಟ್ಟ ಫೋಟೊ.

ಮ್ಯಾಗಜಿನ್‌ಗೆ ಮಾತ್ರ ಫ್ರೇಮ್ ಕಿತ್ತರೂ ಅಡ್ಡಿಯಿಲ್ಲ. 1920 ಪಿಕ್ಸೆಲ್ ಅಂದರೆ 300ರ ಲೆಕ್ಕದಲ್ಲಿ 16 ಸೆಂ.ಮೀ. ಅಗಲ. ಒಂದು ಪುಟದ ಮುಕ್ಕಾಲು ಭಾಗ ಆರಾಮಾಗಿ ತುಂಬುತ್ತದೆ.

ಪೋಸ್ಟರ್‌ಗೆ ನನ್ನ ಸಲಹೆ ಬೇರೆ. ಒಬ್ಬ ಕಲಾವಿದರನ್ನು, ಅದೇ ಬಟ್ಟೆಯನ್ನು, ಒಂದು ಫೋಟೊ ಕ್ಯಾಮೆರಾವನ್ನು ಕರೆದುಕೊಂಡು ಅದೇ ಜಾಗಕ್ಕೆ ಹೋಗಿ. ಸಂಜೆ ಐದರ ನಂತರದ ಬೆಳಕಿನಲ್ಲಿ ಒಂದು ಗಂಟೆ ಸಾಕು. ತಲೆಯ ಮೇಲೆ ಜಾಸ್ತಿ ಖಾಲಿ ಜಾಗ ಬಿಟ್ಟು ತೆಗೆಯಿರಿ. ಹೆಸರು ಎಲ್ಲಿ ಕೂರಬೇಕು ಅನ್ನುವ ಜಗಳ ಅಲ್ಲಿಗೇ ಮುಗಿಯುತ್ತದೆ.

ಎಲ್ಲಾ ಆಕ್ಟರ್‌ಗಳ ಮುಖ ಬರಬೇಕು ಅಂತ ಟೀಮ್‌ನಲ್ಲಿ ಗಲಾಟೆ. ಏನು ಮಾಡೋದು?

ದೊಡ್ಡ ಸಿನಿಮಾದವರು ಐದು ಮುಖ ಹಾಕುವುದು ಆ ಮುಖಗಳಿಗೆ ಜನ ಬರುತ್ತಾರೆ ಅಂತ. ನಿಮ್ಮ ಆಕ್ಟರ್ ನಿಮ್ಮ ರೂಮ್‌ಮೇಟ್. ಅವನ ಮುಖ ನೋಡಿ ಟಿಕೆಟ್ ತೆಗೆಯುವವರು ಅವನ ಅಮ್ಮ ಒಬ್ಬರೇ.

ಒಂದು ಕೆಲಸ ಮಾಡಿ. ಸಿನಿಮಾ ನೋಡದ ಐದು ಜನರಿಗೆ ಕತೆ ಹೇಳಿ. ಮರುದಿನ ಅವರಿಗೆ ಏನು ನೆನಪಿದೆ ಅಂತ ಕೇಳಿ. ನಮ್ಮ ಟೀ ಅಂಗಡಿಯ ಕತೆಯಾದರೆ ‘ಆ ಗ್ಲಾಸ್‌ಗಳನ್ನು ತೊಳೆದು ಬೋರಲು ಹಾಕ್ತಾಳಲ್ಲ, ನಾಳೆ ಅಂಗಡಿಯೇ ಇರಲ್ಲ ಅಂತ ಗೊತ್ತಿದ್ದೂ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದೇ ಪೋಸ್ಟರ್. ಬೋರಲು ಹಾಕಿದ ಆರು ಗ್ಲಾಸ್, ಹಿಂದೆ ಮಸುಕಾಗಿ ಜೆಸಿಬಿಯ ಹಳದಿ. ಮುಖಗಳೆಲ್ಲ ಮ್ಯಾಗಜಿನ್ ಪುಟಕ್ಕೆ ಬರಲಿ. ಅಲ್ಲಿ ಜಾಗವೂ ಇದೆ, ಜಗಳವೂ ತಣ್ಣಗಾಗುತ್ತದೆ.

ಎಐ ಹತ್ರ ಪೋಸ್ಟರ್ ಮಾಡಿಸಬಹುದಾ?

ಐಡಿಯಾ ನೋಡಲು ಮಾಡಿಸಿ, ತಪ್ಪಿಲ್ಲ. ಕೊನೆಯ ಪೋಸ್ಟರ್‌ಗೆ ಬೇಡ. ನಿಮ್ಮ ಸಿನಿಮಾದಲ್ಲಿ ಇಲ್ಲದ ಮುಖ, ಇಲ್ಲದ ಬೀದಿ ಬರುತ್ತದೆ. ಕನ್ನಡ ಅಕ್ಷರ ಬರೆಯಲು ಹೇಳಿದರೆ ಅದು ದೂರದಿಂದ ಕನ್ನಡದ ಹಾಗೆ ಕಾಣುವ ಏನೋ ಒಂದನ್ನು ಗೀಚಿಬಿಡುತ್ತದೆ, ಎಷ್ಟೋ ಸಲ.

## ಅಕ್ಷರ

ಟೈಟಲ್‌ಗೆ ಒಳ್ಳೇ ಕನ್ನಡ ಫಾಂಟ್ ಯಾವುದು?

ಈ ಪ್ರಶ್ನೆ ಎಲ್ಲರೂ ಕೊನೆಗೆ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ಇದು. ಚಿತ್ರ ಇಟ್ಟು, ಬಣ್ಣ ಹಚ್ಚಿ, ಆಮೇಲೆ ಉಳಿದ ಮೂಲೆಯಲ್ಲಿ ಹೆಸರು ತುರುಕುವುದು ಇಂಗ್ಲಿಷ್‌ನಲ್ಲಿ ಹೇಗೋ ನಡೆಯುತ್ತದೆ. ಅಲ್ಲಿ ಅಕ್ಷರಗಳು ಒಂದು ಗೆರೆ ಮೇಲೆ ಕಟ್ಟುನಿಟ್ಟಾಗಿ ನಿಂತಿರುತ್ತವೆ. ನಮ್ಮದು ಹಾಗಲ್ಲ. ‘ಲಕ್ಷ್ಮಕ್ಕನ’ ಅಂತ ಬರೆದು ನೋಡಿ. ‘ಕ್ಷ್ಮ’ ಒಂದೇ ಅಕ್ಷರದ ಕೆಳಗೆ ಎರಡು ಒತ್ತು ನೇತಾಡುತ್ತವೆ. ‘ಕ್ಕ’ದ ಒತ್ತು ಪಕ್ಕದಲ್ಲಿ ಕೆಳಗೆ ಕೂರುತ್ತದೆ. ಅದರ ಕೆಳಗಿನ ಸಾಲಿನಲ್ಲಿ ‘ಟೀ’ ಬಂದರೆ ಮೇಲಿನ ಗುಡಿಸು ಹೋಗಿ ಆ ಒತ್ತಿಗೆ ಡಿಕ್ಕಿ ಹೊಡೆಯುತ್ತದೆ. ಹಾಗಾಗಿ ಹೆಸರನ್ನು ಮೊದಲು ಕಾಗದದ ಮೇಲೆ ಹತ್ತು ಥರ ಬರೆಯಿರಿ. ಒತ್ತು ಎಲ್ಲಿ ಇಳಿಯುತ್ತದೆ, ಎಲ್ಲಿ ಜಾಗ ಬಿಡುತ್ತದೆ ನೋಡಿ. ಆ ಜಾಗದಲ್ಲೇ ಮುಂದಿನ ಸಾಲಿನ ಗುಡಿಸು, ಏತ್ವ ಕೂರಿಸಿ. ಒಂದು ಗ್ಲಾಸ್ ಕೂಡ ಕೂರಿಸಬಹುದು.

ಸಿದ್ಧ ಫಾಂಟ್ ಬೇಕಿದ್ದರೆ ಉಚಿತವಾಗಿ ಸಿಗುವ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಒಂದೇ ಸಂಕೇತ ಪದ್ಧತಿಯ) ಫಾಂಟ್‌ಗಳು ಈಗ ಸಾಕಷ್ಟಿವೆ. ದಪ್ಪಗೆ, ದುಂಡಗೆ, ನಗುವ ಸಿನಿಮಾಕ್ಕೆ ಬಾಲೂ ತಮ್ಮ. ತೆಳುವಿನಿಂದ ಭಾರದವರೆಗೆ, ಕಿರಿದರಿಂದ ಅಗಲದವರೆಗೆ ಎಲ್ಲ ಬೇಕು ಅಂದರೆ ಅನೇಕ್ ಕನ್ನಡ. ಎರಡನ್ನೂ ಮಾಡಿದ್ದು ಏಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆ. ಪುಸ್ತಕದ ಗಾಂಭೀರ್ಯಕ್ಕೆ ಟಿರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ. ಕೈಬರಹದ ಗತ್ತು ಬೇಕಾದರೆ ಅಕಾಯ ಕನಡಕ. ಹಳೇ ವಿಂಡೋಸ್ ಕಂಪ್ಯೂಟರ್ ಜೊತೆಗೇ ಬರುತ್ತಿದ್ದ ತುಂಗಾ ಮಾತ್ರ ಟೈಟಲ್‌ಗೆ ಬೇಡ. ಸರ್ಕಾರಿ ಸುತ್ತೋಲೆ ನೆನಪಾಗುತ್ತದೆ.

ನನ್ನ ಕೇಳಿದರೆ ಕೈಯಲ್ಲೇ ಬರೆಯಿರಿ. ಮೊನೆ ಓರೆಯಾಗಿ ಕತ್ತರಿಸಿದ ಐಸ್‌ಕ್ರೀಂ ಕಡ್ಡಿ, ಇಂಕು, ಬಿಳಿ ಹಾಳೆ. 600 ಡಿಪಿಐ ಸ್ಕ್ಯಾನ್. ಇಂಕ್‌ಸ್ಕೇಪ್ ಅನ್ನುವ ಉಚಿತ ತಂತ್ರಾಂಶದಲ್ಲಿ ಟ್ರೇಸ್ ಮಾಡಿದರೆ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ. ಸತ್ಯಜಿತ್ ರಾಯ್ ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿ ಬಂದವರು. ತಮ್ಮ ಸಿನಿಮಾಗಳ ಪೋಸ್ಟರ್ ತಾವೇ ವಿನ್ಯಾಸ ಮಾಡುತ್ತಿದ್ದರು. ಅವರ ಬಂಗಾಳಿ ಅಕ್ಷರಗಳನ್ನು ಒಮ್ಮೆ ನೋಡಿ. ಭಾಷೆ ಬರದಿದ್ದರೂ ಸಿನಿಮಾದ ಮನಸ್ಸು ಗೊತ್ತಾಗುತ್ತದೆ.

ಫೋಟೊಶಾಪ್‌ನಲ್ಲಿ ಟೈಪ್ ಮಾಡಿದ್ರೆ ಒತ್ತಕ್ಷರ ಎಲ್ಲಾ ಬಿಡಿಬಿಡಿಯಾಗಿ ಬರುತ್ತೆ. ಫಾಂಟ್ ಹಾಳಾಗಿದ್ಯಾ?

ಫಾಂಟ್ ಸರಿ ಇದೆ, ಸೆಟ್ಟಿಂಗ್ ತಪ್ಪಿದೆ. ಹಳೆಯ ಫೋಟೊಶಾಪ್ ಆದರೆ ಪ್ರೆಫರೆನ್ಸಸ್‌ಗೆ ಹೋಗಿ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’, ಇಲ್ಲಸ್ಟ್ರೇಟರ್‌ನಲ್ಲಿ ಅದೇ ಜಾಗದಲ್ಲಿ ‘ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಕಂಪೋಸರ್ ಇರುತ್ತದೆ. ಕಾಸಿಲ್ಲದವರಿಗೆ ಇಂಕ್‌ಸ್ಕೇಪ್, ಗಿಂಪ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ. ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಅನ್ನುವ ಉಚಿತ ತಂತ್ರಾಂಶದ ಹೊಸ ಆವೃತ್ತಿ ಸಾಕು.

ಇನ್ನೊಂದು ಮಾತು. ಇಂಗ್ಲಿಷ್ ಪೋಸ್ಟರ್‌ಗಳಲ್ಲಿ ಅಕ್ಷರಗಳನ್ನು ದೂರ ದೂರ ಇಡುವ ಫ್ಯಾಷನ್ ಇದೆ. ಕನ್ನಡಕ್ಕೆ ಅದೇ ಟ್ರ್ಯಾಕಿಂಗ್ ಕೊಟ್ಟರೆ ಕೆಲವು ತಂತ್ರಾಂಶಗಳಲ್ಲಿ ಒತ್ತು ತನ್ನ ಅಕ್ಷರ ಬಿಟ್ಟು ಪಕ್ಕದ ಮನೆಗೆ ಹೋಗಿ ಕೂರುತ್ತದೆ. ದೂರ ಬೇಕೇ ಬೇಕು ಅಂದರೆ ಔಟ್‌ಲೈನ್ ಮಾಡಿ (ಅಂದರೆ ಅಕ್ಷರವನ್ನು ಬರೀ ಆಕಾರವಾಗಿ ಬದಲಿಸಿ), ಒಂದೊಂದು ಅಕ್ಷರವನ್ನು ಒತ್ತಿನ ಸಮೇತ ಗುಂಪು ಮಾಡಿ, ಕೈಯಲ್ಲಿ ಸರಿಸಿ.

ನುಡಿಯಲ್ಲಿ ಟೈಪ್ ಮಾಡಿ ಕೊಟ್ಟ ಲೇಖನ ಪ್ರೆಸ್‌ನಲ್ಲಿ ಏನೇನೋ ಚಿಹ್ನೆ ಆಗಿ ಬಂತು. ಯಾಕೆ?

ಹಳೇ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟುಕೊಂಡಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಮುಖವಾಡ ಕಳಚಿ ಒಳಗಿನ ಇಂಗ್ಲಿಷ್ ಗೀಚು ಹೊರಬರುತ್ತದೆ. ಯೂನಿಕೋಡ್‌ಗೆ ಪರಿವರ್ತನೆ ಮಾಡುವ ಉಚಿತ ಸಾಧನಗಳಿವೆ. ಆದರೆ ಪರಿವರ್ತನೆ ಆದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ಓದಲೇಬೇಕು.

ಇದು ನನಗೆ ಬುದ್ಧಿ ಬಂದ ವಿಷಯ. ನಾನು ಮೊದಲು ಮಾಡಿದ ಪೋಸ್ಟರ್‌ನಲ್ಲಿ ಹೆಸರುಗಳ ಸಾಲು ಹೀಗೇ ಕೆಟ್ಟುಹೋಗಿತ್ತು. ಪ್ರೂಫ್ ನೋಡದೆ ಐವತ್ತು ಪ್ರತಿ ಹೊಡೆಸಿದ್ದೆ. ಕ್ಯಾಮೆರಾಮನ್ ಹೆಸರಿದ್ದ ಜಾಗದಲ್ಲಿ ಡಾಲರ್ ಗುರುತಿತ್ತು. ಈಗಲೂ ಸಿಕ್ಕಾಗ ಅವನು ‘ಡಾಲರ್ ಬಂದಿದ್ದೀನಿ’ ಅನ್ನುತ್ತಾನೆ. ಪಿಡಿಎಫ್ ಮಾಡಿ, ಫಾಂಟ್ ಒಳಗೇ ಸೇರಿಸಿ, ಆ ಪಿಡಿಎಫ್‌ ಅನ್ನು ಬೇರೆಯವರ ಮೊಬೈಲ್‌ನಲ್ಲಿ ಒಮ್ಮೆ ತೆರೆದು ನೋಡಿ. ಆಮೇಲೆ ಪ್ರೆಸ್‌ಗೆ ಹೋಗಿ.

ಕೆಳಗೆ ಸಣ್ಣದಾಗಿ ಹೆಸರುಗಳ ಸಾಲು ಇರುತ್ತಲ್ಲ, ಅದನ್ನ ಕನ್ನಡದಲ್ಲಿ ಹೇಗೆ ಮಾಡೋದು?

ಇಂಗ್ಲಿಷ್ ಪೋಸ್ಟರ್‌ಗಳಲ್ಲಿ ಉದ್ದುದ್ದ, ತೆಳ್ಳಗಿನ ಅಕ್ಷರಗಳಿಗೆ ಕಾರಣ ಇದೆ. ಹಾಲಿವುಡ್ ಕರಾರುಗಳಲ್ಲಿ ಹೆಸರಿನ ಅಳತೆ ಟೈಟಲ್‌ನ ಇಷ್ಟು ಪಾಲು ಇರಬೇಕು ಅಂತ ಬರೆದಿರುತ್ತಾರೆ. ಎತ್ತರ ಉಳಿಸಿ ಅಗಲ ಕಡಿಮೆ ಮಾಡಿದರೆ ಕರಾರೂ ಮುರಿಯಲ್ಲ, ಜಾಗವೂ ಉಳಿಯುತ್ತದೆ. ನಿಮಗೆ ಅಂಥ ಕರಾರಿಲ್ಲ. ಕನ್ನಡದ ದುಂಡು ಅಕ್ಷರವನ್ನು ಎಳೆದು ಉದ್ದ ಮಾಡಿದರೆ ಬಡಕಲಾಗಿ, ಓದಲು ಬಾರದ ಹಾಗೆ ಆಗುತ್ತದೆ.

ಅನೇಕ್ ಕನ್ನಡದ ಕಂಡೆನ್ಸ್‌ಡ್, ಅಂದರೆ ಕಿರಿದಾದ ರೂಪ ತಗೊಳ್ಳಿ, ಎ3ಯಲ್ಲಿ 8 ಪಾಯಿಂಟ್‌ಗಿಂತ ಕೆಳಗೆ ಇಳಿಯಬೇಡಿ. ಕಥೆ, ನಿರ್ದೇಶನ, ಛಾಯಾಗ್ರಹಣ, ಸಂಕಲನ, ಸಂಗೀತ, ತಾರಾಗಣ ಎಂಬ ಪದಗಳು ತೆಳುವಾಗಿರಲಿ, ಹೆಸರುಗಳು ದಪ್ಪವಾಗಿರಲಿ. ನಮ್ಮಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ. ತೂಕ ಬದಲಿಸಿಯೇ ವ್ಯತ್ಯಾಸ ತೋರಿಸಬೇಕು.

ಟ್ಯಾಗ್‌ಲೈನ್ ಬೇಕೇ ಬೇಕಾ?

ಬೇಡ. ಹೆಸರೇ ಕತೆ ಹೇಳುತ್ತಿದ್ದರೆ ಬಿಟ್ಟುಬಿಡಿ. ಹಾಕುವುದಾದರೆ ಸಿನಿಮಾದ ಸಂಭಾಷಣೆಯಿಂದ ಒಂದು ಸಾಲು ಎತ್ತಿ. ‘ನಾಳೆ ಬಂದ್ರೆ ಟೀ ಇರಲ್ಲ’ ಸಾಕು. ‘ಬದುಕಿನ ಹೋರಾಟದ ಒಂದು ಪಯಣ’ ಅಂತ ಬರೆದರೆ ಅದು ಯಾವ ಸಿನಿಮಾಕ್ಕೂ ಹೊಂದುತ್ತದೆ.

## ಮ್ಯಾಗಜಿನ್‌ನ ಎರಡು ಪುಟ

ಆ ಎರಡು ಪುಟದಲ್ಲಿ ಏನು ಬರೆಯೋದು? ನಮ್ಮ ಸಿನಿಮಾದ ವಿಮರ್ಶೆ ನಾವೇ ಬರೆಯೋದಾ?

ಬರೆಯಲು ಹೊರಟವರೆಲ್ಲ ‘ಮನಮುಟ್ಟುವ ಅಭಿನಯ, ಅಚ್ಚುಕಟ್ಟಾದ ಛಾಯಾಗ್ರಹಣ’ ಅಂತಲೇ ಬರೆಯುತ್ತಾರೆ. ಮೇಷ್ಟ್ರಿಗೆ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ವಿಮರ್ಶೆಯೇ ಬೇಕು ಅಂತ ಸಿಲೆಬಸ್‌ನಲ್ಲಿದ್ದರೆ ಬೇರೆ ವಿಭಾಗದ, ಸ್ವಲ್ಪ ಖಡಕ್ ಗೆಳತಿಗೆ ಸಿನಿಮಾ ತೋರಿಸಿ, ಅವಳ ಹತ್ತಿರ ಬರೆಸಿ. ಬೈಲೈನ್, ಅಂದರೆ ಬರೆದವರ ಹೆಸರು, ಅವಳದೇ ಇರಲಿ. ಇಲ್ಲದ ಪತ್ರಿಕೆಯ ಹೆಸರಲ್ಲಿ ನಾಲ್ಕೂವರೆ ನಕ್ಷತ್ರ ಹಾಕಿಕೊಳ್ಳಬೇಡಿ. ಇರುವ ಪತ್ರಿಕೆಯ ಹೆಸರಲ್ಲಂತೂ ಬೇಡವೇ ಬೇಡ.

ಆಯ್ಕೆ ನಿಮ್ಮದಾಗಿದ್ದರೆ ಸಿನಿಮಾ ಮಾಡಿದ ಕತೆಯನ್ನು ಬರೆಯಿರಿ. ನಿಜವಾದ ಟೀ ಅಂಗಡಿಯಲ್ಲಿ ಶೂಟ್ ಮಾಡುವಾಗ ಗಿರಾಕಿಗಳು ಫ್ರೇಮ್ ಒಳಗೆ ಬಂದು ‘ಎರಡು ಟೀ’ ಅಂದಿದ್ದು, ಆ ಟೇಕ್ ಅನ್ನೇ ಸಿನಿಮಾದಲ್ಲಿ ಇಟ್ಟುಕೊಂಡಿದ್ದು. ಇಂಥದ್ದು ಓದಿಸಿಕೊಳ್ಳುತ್ತದೆ.

ಪುಟದ ಮೇಲೆ ಇರಬೇಕಾದ್ದು: ಹೆಡ್ಡಿಂಗ್, ಅದರ ಕೆಳಗೆ ಎರಡು ಸಾಲಿನ ಇಂಟ್ರೊ, ಬೈಲೈನ್, ಒಂದು ದೊಡ್ಡ ಚಿತ್ರ, ಎರಡು ಸಣ್ಣವು, ಪ್ರತಿಯೊಂದಕ್ಕೂ ಕ್ಯಾಪ್ಶನ್, ಪುಟಸಂಖ್ಯೆ. ಅವಧಿ, ತಂಡ, ಪ್ರದರ್ಶನದ ದಿನ ಒಂದು ಪುಟ್ಟ ಬಾಕ್ಸ್‌ನಲ್ಲಿ. ಕ್ಯಾಪ್ಶನ್‌ನಲ್ಲಿ ‘ಚಿತ್ರದ ಒಂದು ದೃಶ್ಯ’ ಅಂತ ಬರೆದರೆ ಆ ಜಾಗ ದಂಡ.

ಎಷ್ಟು ಕಾಲಂ, ಅಕ್ಷರ ಎಷ್ಟು ದೊಡ್ಡದು?

ಎ4 ಪುಟಕ್ಕೆ ಎರಡೂ ಕಡೆ 15 ಮಿ.ಮೀ. ಮಾರ್ಜಿನ್ ಬಿಟ್ಟರೆ 180 ಉಳಿಯುತ್ತದೆ. ಮೂರು ಕಾಲಂ ಮಾಡಿದರೆ ಒಂದೊಂದು ಸುಮಾರು 57 ಮಿ.ಮೀ. ಹತ್ತೂವರೆ ಪಾಯಿಂಟ್‌ನಲ್ಲಿ ಸಾಲಿಗೆ ನಾಲ್ಕು ಪದ ಕೂರುತ್ತವೆ. ಕನ್ನಡದ ಪದಗಳು ಒಂದಕ್ಕೊಂದು ಅಂಟಿಕೊಂಡು ಉದ್ದವಾಗುತ್ತವೆ. ‘ಹೊರಡಬೇಕಾಗಿದ್ದರಿಂದ’ ಬಂದರೆ ಅರ್ಧ ಸಾಲು ಅದಕ್ಕೇ ಹೋಯಿತು. ಅಲ್ಲಿ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬೀಳುತ್ತದೆ. ಮೂರು ಕಾಲಂ ಇದ್ದರೆ ಎಡಕ್ಕೆ ಮಾತ್ರ ಸಮ ಮಾಡಿ, ಬಲ ಅಂಚು ಹೇಗೋ ಇರಲಿ. ಎರಡು ಕಾಲಂ ಆದರೆ ಸಾಲಿಗೆ ಆರು ಪದ ಸಿಗುತ್ತವೆ, ಸಮ ಮಾಡಿದರೂ ನಡೆಯುತ್ತದೆ.

ಸಾಲುಗಳ ಅಂತರ ಇಂಗ್ಲಿಷ್‌ನ ಅಳತೆಯಲ್ಲಿ ಬಿಟ್ಟರೆ ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ತಾಗುತ್ತವೆ. ಹತ್ತೂವರೆ ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್ ಅಂತರ ಕೊಡಿ. ಹೀಗೆ ಮಾಡಿ ಅರ್ಧ ಜಾಗ ಚಿತ್ರಕ್ಕೆ ಬಿಟ್ಟರೆ ಎರಡು ಪುಟಕ್ಕೆ 450–500 ಪದ ಹಿಡಿಸುತ್ತದೆ. ಮೊದಲೇ ಗೊತ್ತಿದ್ದರೆ 1,200 ಪದ ಬರೆದುಕೊಂಡು ಬಂದು ಅಳುವುದು ತಪ್ಪುತ್ತದೆ.

ಮೊದಲ ಅಕ್ಷರ ದೊಡ್ಡದಾಗಿ ಹಾಕೋ ಸ್ಟೈಲ್ ಕನ್ನಡಕ್ಕೆ ಹೊಂದುತ್ತಾ?

ಹೊಂದುತ್ತದೆ, ಅಕ್ಷರ ನೋಡಿಕೊಂಡು. ಲೇಖನ ‘ಅ’, ‘ಮ’, ‘ನ’ದಿಂದ ಶುರುವಾದರೆ ಅಂದವಾಗಿ ಕೂರುತ್ತದೆ. ‘ಸ್ತ್ರೀ’, ‘ಪ್ರೊ’ ಅಂತ ಶುರುವಾದರೆ ಒತ್ತು ಕೆಳಗಿನ ಸಾಲುಗಳ ಮೇಲೆ ಕಾಲು ಚಾಚುತ್ತದೆ. ಮೊದಲ ವಾಕ್ಯವನ್ನೇ ತಿರುಗಿಸಿ ಬರೆಯುವುದು ಸುಲಭ. ತಂತ್ರಾಂಶ ‘ಸ’ವನ್ನು ಮಾತ್ರ ದೊಡ್ಡದು ಮಾಡಿ ಉಳಿದದ್ದನ್ನು ಬಿಟ್ಟರೆ ಇಡೀ ಅಕ್ಷರವನ್ನು ಕೈಯಲ್ಲಿ ಆರಿಸಬೇಕು.

ದೊಡ್ಡ ಚಿತ್ರ ಎರಡೂ ಪುಟಕ್ಕೆ ಹಬ್ಬಿಸಿದ್ವಿ. ಪ್ರಿಂಟ್ ಆದ ಮೇಲೆ ಹೀರೊಯಿನ್ ಮೂಗು ಮಡಿಕೆ ಒಳಗೆ ಹೋಯ್ತು!

ಎಲ್ಲರ ಮೂಗೂ ಅಲ್ಲಿಗೇ ಹೋಗುತ್ತದೆ. ನಡುವಿನ ಮಡಿಕೆಯ ಎರಡೂ ಕಡೆ 10 ಮಿ.ಮೀ. ಜಾಗದಲ್ಲಿ ಮುಖ, ಅಕ್ಷರ ಯಾವುದೂ ಬೇಡ. ಆಕಾಶ, ಗೋಡೆ, ರಸ್ತೆ ಇರಲಿ.

ಪಿನ್ ಹೊಡೆದ ಪತ್ರಿಕೆಯಲ್ಲಿ ನಟ್ಟನಡುವಿನ ಎರಡು ಪುಟ ಮಾತ್ರ ಒಂದೇ ಹಾಳೆ. ಉಳಿದ ಕಡೆ ಎಡಪುಟ ಒಂದು ಹಾಳೆ, ಬಲಪುಟ ಇನ್ನೊಂದು. ಬಣ್ಣ ಸ್ವಲ್ಪ ಆಚೀಚೆ ಆಗಬಹುದು, ಗೆರೆ ಒಂದು ಮಿ.ಮೀ. ಜಾರಬಹುದು. ಹಾಗಾಗಿ ಎರಡೂ ಪುಟ ದಾಟುವ ತೆಳು ಓರೆ ಗೆರೆ ಹಾಕಬೇಡಿ. ಅಂಟು ಹಾಕಿದ ಪತ್ರಿಕೆಯಾದರೆ ಮಡಿಕೆ ಇನ್ನೂ ಜಾಸ್ತಿ ನುಂಗುತ್ತದೆ.

## ಪ್ರಿಂಟ್ ಅಂಗಡಿಯಲ್ಲಿ

ಸ್ಕ್ರೀನ್ ಮೇಲೆ ಕಡುನೀಲಿ ಇತ್ತು, ಪ್ರಿಂಟ್‌ನಲ್ಲಿ ನೇರಳೆ ಬಂತು. ಮೋಸ ಮಾಡಿದ್ರಾ?

ಇಲ್ಲ ಪಾಪ. ಸ್ಕ್ರೀನ್ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ ಇಂಕಿನಿಂದ. ಸ್ಕ್ರೀನಿನ ಆರ್‌ಜಿಬಿಯ (ಕೆಂಪು, ಹಸಿರು, ನೀಲಿ ಬೆಳಕು) ಉಜ್ವಲ ನೀಲಿ, ಹಸಿರು ಪ್ರೆಸ್‌ನ ಸಿಎಂವೈಕೆ ಇಂಕಿನಲ್ಲಿ (ಸಯಾನ್ ಅನ್ನುವ ತಿಳಿನೀಲಿ, ಮಜೆಂಟಾ ಅನ್ನುವ ಗುಲಾಬಿಗೆಂಪು, ಹಳದಿ, ಕಪ್ಪು) ಇಲ್ಲವೇ ಇಲ್ಲ. ನೀಲಿಗೆ ಮಜೆಂಟಾ ಹತ್ತಿರ ಹತ್ತಿರ ಸಯಾನ್‌ನಷ್ಟೇ ಬಿದ್ದರೆ ನೇರಳೆ ಆಗುತ್ತದೆ. ಮಜೆಂಟಾವನ್ನು ಸಯಾನ್‌ಗಿಂತ ಶೇಕಡಾ ಲೆಕ್ಕದಲ್ಲಿ ಕನಿಷ್ಠ 30 ಅಂಕ ಕಡಿಮೆ ಇಟ್ಟರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ.

ಕಪ್ಪಿನದೂ ಒಂದು ಕತೆ. ಪೋಸ್ಟರ್‌ನ ದೊಡ್ಡ ಕಪ್ಪು ಹಿನ್ನೆಲೆಗೆ ಬರೀ ಕಪ್ಪು ಇಂಕು ಹಾಕಿದರೆ ಬೂದಿ ಬಣ್ಣ ಕಾಣುತ್ತದೆ. ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಸೇರಿಸಿದರೆ ಗಾಢವಾಗುತ್ತದೆ. ಲೇಖನದ ಸಣ್ಣ ಅಕ್ಷರಕ್ಕೆ ಮಾತ್ರ ಬರೀ ಕಪ್ಪು 100. ನಾಲ್ಕು ಇಂಕು ಕೂದಲೆಳೆ ಜಾರಿದರೂ ಒತ್ತಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ.

ಅಂಗಡಿಯವರು ‘ಬ್ಲೀಡ್ ಇಲ್ಲ’ ಅಂತ ವಾಪಸ್ ಕಳಿಸಿದ್ರು. ಏನದು? ಪೇಪರ್ ಯಾವುದು ಕೇಳ್ಬೇಕು?

ಕತ್ತರಿಸುವಾಗ ಬ್ಲೇಡ್ ಸ್ವಲ್ಪ ತಪ್ಪಿದರೂ ಅಂಚಿನಲ್ಲಿ ಬಿಳಿ ಗೆರೆ ಕಾಣಬಾರದು ಅಂತ ಚಿತ್ರವನ್ನು ನಾಲ್ಕೂ ಕಡೆ 3 ಮಿ.ಮೀ. ಹೆಚ್ಚು ಹರಡುವುದೇ ಬ್ಲೀಡ್. ಎ3 ಪೋಸ್ಟರ್ ಬ್ಲೀಡ್ ಸೇರಿ 303×426 ಆಗುತ್ತದೆ. ನಮ್ಮ ಊರುಗಳ ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ ಸಾಮಾನ್ಯವಾಗಿ 12×18 ಇಂಚಿನ ಹಾಳೆ ಇರುತ್ತದೆ. ಅದರ ಅಗಲ 305 ಮಿ.ಮೀ. ಲೆಕ್ಕಕ್ಕೆ ಹಿಡಿಸಿತು, ಆದರೆ ಮಷಿನ್ ಹಾಳೆಯ ತುದಿಯವರೆಗೆ ಹೊಡೆಯಲ್ಲ. 13×19 ಇದೆಯಾ ಅಂತ ಮೊದಲೇ ಕೇಳಿ.

ಪೋಸ್ಟರ್‌ಗೆ 170 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಮ್ಯಾಟ್ ಆರ್ಟ್ ಪೇಪರ್, ಮ್ಯಾಗಜಿನ್ ಪುಟಕ್ಕೆ 130. ಗ್ಲಾಸಿ ಬೇಡ, ಟ್ಯೂಬ್‌ಲೈಟ್ ಕೆಳಗೆ ಕನ್ನಡಿ ಆಗುತ್ತದೆ. ಪೂರ್ತಿ ಹೊಡೆಸುವ ಮುಂಚೆ ಒಂದೇ ಪ್ರತಿ ತೆಗೆಸಿ, ಅಂಗಡಿಯಿಂದ ಹೊರಗೆ ಬಂದು ಬಿಸಿಲಲ್ಲಿ ನೋಡಿ.

## ಸ್ವಲ್ಪ ಕಾನೂನು

ಎಲೆಗಳ ಗುರುತು, ‘ಯು’, ‘ಎ’ ಥರದ ಸೆನ್ಸಾರ್ ಗುರುತು ಹಾಕಿದ್ರೆ ನಿಜವಾದ ಸಿನಿಮಾ ಥರ ಕಾಣುತ್ತಲ್ವಾ?

ಕಾಣುತ್ತದೆ, ಅದೇ ತೊಂದರೆ. ಎಲೆಗಳ ಮಾಲೆ ಚಿತ್ರೋತ್ಸವಕ್ಕೆ ಆಯ್ಕೆಯಾದ ಮೇಲೆ ಮಾತ್ರ. ಕಳಿಸಿದ್ದಕ್ಕೆಲ್ಲ ಹಾಕುವಂತಿಲ್ಲ. ಸೆನ್ಸಾರ್ ಗುರುತು ಸಿನಿಮಾಟೊಗ್ರಾಫ್ ಕಾಯ್ದೆ, 1952ರ ಪ್ರಕಾರ ಮಂಡಳಿ ಕೊಡುವಂಥದ್ದು. ಸರ್ಟಿಫಿಕೇಟ್ ಇಲ್ಲದಿದ್ದರೆ ಪೋಸ್ಟರ್ ಮೇಲೂ ಬೇಡ. ಫೋಟೊದಲ್ಲಿರುವ ಎಲ್ಲರಿಂದಲೂ ಒಪ್ಪಿಗೆ ಬರೆಸಿಕೊಳ್ಳಿ. ಮಕ್ಕಳಿದ್ದರೆ ಅವರ ಅಪ್ಪ ಅಮ್ಮನಿಂದ.

ಬಸ್‌ಸ್ಟ್ಯಾಂಡ್ ಗೋಡೆಗೆ ಅಂಟಿಸಬಹುದಾ? ಫ್ಲೆಕ್ಸ್ ಮಾಡಿಸ್ಲಾ?

ಗೋಡೆಗೆ ಬೇಡ. ಸಾರ್ವಜನಿಕ ಸ್ಥಳಗಳನ್ನು ವಿರೂಪ ಮಾಡುವುದನ್ನು ತಡೆಯುವ 1981ರ ಕಾಯ್ದೆ ಕರ್ನಾಟಕದಲ್ಲಿ ಇದೆ. ಪ್ಲಾಸ್ಟಿಕ್ ಫ್ಲೆಕ್ಸ್‌ ಅನ್ನು ಸರ್ಕಾರ 2016ರಲ್ಲೇ ನಿಷೇಧದ ಪಟ್ಟಿಗೆ ಸೇರಿಸಿದೆ. ಕಾಲೇಜಿನ ನೋಟಿಸ್ ಬೋರ್ಡ್, ಲೈಬ್ರರಿ ಬಾಗಿಲು, ಹಾಸ್ಟೆಲ್ ಮೆಸ್, ಒಪ್ಪಿದರೆ ಪುಸ್ತಕದಂಗಡಿ. ಪೋಸ್ಟರ್‌ನಲ್ಲಿ ಕ್ಯೂಆರ್ ಕೋಡ್ ಹಾಕಿದ್ದರೆ ಕನಿಷ್ಠ 3 ಸೆಂ.ಮೀ. ಇರಲಿ, ಬಿಳಿ ಹಿನ್ನೆಲೆ ಮೇಲೆ ಕಪ್ಪು, ಸುತ್ತ ಖಾಲಿ ಜಾಗ. ಮೆಸ್ ಹತ್ತಿರ ಹಾಕುವುದಾದರೆ ಕೈ ತೊಳೆಯುವ ಜಾಗದ ಎದುರಿಗೆ ಹಾಕಿ. ಅಲ್ಲಿ ಕ್ಯೂ ಇರುತ್ತದೆ, ಜನ ನಿಂತು ಓದುತ್ತಾರೆ.